ಏಳನೇ ನಂಬರಿನ ಪೂರ್ತಿ ಗ್ರಾಫ್

ಜನವರಿಯ ಎರಡನೇ ಶನಿವಾರ ಅಮೆರಿಕದ ಮಿಶಿಗನ್ನಿನ ಟ್ರಾಯ್ ಊರಿನ ಒಂದು ಬಾಡಿಗೆ ಹಾಲಿನಲ್ಲಿ ಹನ್ನೆರಡು ವಾರಗಳ ಯೋಗ ಚಿಕಿತ್ಸೆಯ ತರಗತಿ ಶುರು ಮಾಡಿದೆ. ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಹೆಸರು ಕೊಟ್ಟವರು ಇಪ್ಪತ್ತಮೂರು, ಬಂದವರು ಹತ್ತೊಂಬತ್ತು. ವಾರದ ಐದು ದಿನ ನಾನು ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಬೆನ್ನು, ಕುತ್ತಿಗೆ ನೋವಿನವರಿಗೆ ಯೋಗ ಹೇಳಿಕೊಡುತ್ತೇನೆ. ಶನಿವಾರದ ತರಗತಿ ಈ ಕಡೆಯ ಕನ್ನಡಿಗರ ಒಂದು ಸಂಘದವರು ಕೇಳಿದ್ದಕ್ಕೆ ಒಪ್ಪಿಕೊಂಡದ್ದು.

ನಾನು ಎಲ್ಲವನ್ನೂ ಬರೆದಿಡುವವಳು. ಹೆಮ್ಮೆಗೆ ಹೇಳುತ್ತಿಲ್ಲ. ಆ ಬರೆದಿಟ್ಟದ್ದರಿಂದಲೇ ಅನಾಹುತ ಆಯಿತು, ಅದಕ್ಕೇ ಮೊದಲು ಹೇಳುತ್ತಿದ್ದೇನೆ.

ತರಗತಿಗೆ ಬಂದ ಕೂಡಲೇ ಬಿಪಿ ನೋಡುವುದು. ಐದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ತೋಳು ಎದೆಯ ಮಟ್ಟಕ್ಕೆ, ಮಾತಿಲ್ಲ. ನಮ್ಮವರಿಗೆ ಕೊನೆಯದೇ ಕಷ್ಟ. ವಾರವಿಡೀ ಆಫೀಸಿನಲ್ಲಿ ಇಂಗ್ಲಿಷ್ ಆಡಿ, ಮನೆಯಲ್ಲಿ ಮಕ್ಕಳಿಂದ ಇಂಗ್ಲಿಷಿನಲ್ಲೇ ಉತ್ತರ ಕೇಳಿ ಬಂದವರು ತೋಳಿಗೆ ಪಟ್ಟಿ ಕಟ್ಟಿಸಿಕೊಂಡೇ ಪಕ್ಕದವರ ಬಡಾವಣೆಯ ಸುದ್ದಿ ಕೇಳುತ್ತಾರೆ. ಮೊದಲ ದಿನ ಹದಿನಾಲ್ಕು ಜನರಿಗೆ ಎರಡೆರಡು ಸಲ ನೋಡಬೇಕಾಯಿತು. ಆಮೇಲೆ ಕೀಲುಗಳ ಸಡಿಲಿಕೆ ಹದಿನೈದು ನಿಮಿಷ, ಕುರ್ಚಿಯ ಮೇಲೆ ಆಸನ ಇಪ್ಪತ್ತು, ಭ್ರಾಮರಿ ಮತ್ತು ನಾಡಿಶೋಧನ ಪ್ರಾಣಾಯಾಮ ಹದಿನೈದು, ಶವಾಸನ ಹತ್ತು, ಮತ್ತೆ ಬಿಪಿ. ಮನೆಗೆ ಮೂರು ಅಭ್ಯಾಸ: ಕೆಂಪು ದೀಪ ಬಿದ್ದಾಗ ಮೂರು ಉಸಿರನ್ನು ಗಮನಿಸುವುದು, ದಿನಕ್ಕೊಂದು ಪಾತ್ರೆಯನ್ನು ಫೋನಿಲ್ಲದೆ ತೊಳೆಯುವುದು, ಊಟದ ಮೊದಲ ಐದು ತುತ್ತು ಮೌನವಾಗಿ ಉಣ್ಣುವುದು. ಒಬ್ಬೊಬ್ಬರಿಗೂ ಒಂದು ಕಾರ್ಡು, ಮಾಡಿದ್ದಕ್ಕೆ ಒಂದೊಂದು ಗೀಟು.

ಸೇರುವಾಗ ಸಹಿ ಮಾಡಿಸಿಕೊಂಡ ಹಾಳೆಯ ಮೂರನೇ ಸಾಲು ಹೀಗಿತ್ತು: ‘ನನ್ನ ಡಾಕ್ಟರನ್ನು ಕೇಳದೆ ಯಾವ ಔಷಧಿಯನ್ನೂ ನಿಲ್ಲಿಸುವುದಿಲ್ಲ, ಕಡಿಮೆ ಮಾಡುವುದಿಲ್ಲ.’ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗಟ್ಟಿಯಾಗಿ ಓದಿದೆ. ಹತ್ತೊಂಬತ್ತು ಸಹಿ ಬಂದವು.

ಎರಡನೇ ವಾರ ಸಂಘದ ಅಧ್ಯಕ್ಷರು ಬಂದರು. ಐಟಿ ಕಂಪನಿಯಲ್ಲಿ ದೊಡ್ಡ ಕೆಲಸ, ಮೈಸೂರಿನ ಕಡೆಯವರು, ಮೆಲ್ಲಗೆ ಮಾತಾಡುತ್ತಾರೆ.

“ನೋಡಮ್ಮ, ಈ ನಂಬರ್‌ಗಳನ್ನೆಲ್ಲ ನಿನ್ನ ಪುಸ್ತಕದಲ್ಲಿ ಬಚ್ಚಿಟ್ರೆ ಏನು ಪ್ರಯೋಜನ? ಗೋಡೆ ಮೇಲೆ ಹಾಕು. ಜನಕ್ಕೆ ಮೋಟಿವೇಶನ್ ಬರತ್ತೆ.”

“ಬೇಡ ಸರ್. ಅದು ಅವರವರ ಆರೋಗ್ಯದ ವಿಷಯ.”

“ಹೆಸರು ಹಾಕ್ಬೇಡ. ನಂಬರ್ ಕೊಡು.”

ಒಂದು ಸಲ ಬೇಡ ಎಂದೆ. ಎರಡನೇ ಸಲ ಅನ್ನಲಿಲ್ಲ. ದೊಡ್ಡ ಹಾಳೆಯ ಮೇಲೆ ಒಂದರಿಂದ ಹತ್ತೊಂಬತ್ತು ಬರೆದು, ಒಂದೊಂದರ ಮುಂದೆ ವಾರವಾರದ ಬಿಪಿಗೆ ಜಾಗ ಬಿಟ್ಟು, ನನ್ನ ಕೈಯಾರೆ ಗೋಡೆಗೆ ಅಂಟಿಸಿದೆ. ಮೂರನೇ ವಾರದ ಹೊತ್ತಿಗೆ ಯಾವ ನಂಬರು ಯಾರದು ಅಂತ ಎಲ್ಲರಿಗೂ ಗೊತ್ತಿತ್ತು. ನಾಲ್ಕನೇ ವಾರ ಒಬ್ಬ ಆಂಟಿ ಇನ್ನೊಬ್ಬರಿಗೆ, “ನಿಮ್ಮದೇನ್ರೀ, ಕ್ಲಾಸಿಗೇ ಲಾಸ್ಟು” ಎಂದರು. ನಗು ಎದ್ದಿತು, ನಾನೂ ನಕ್ಕೆ. ಅದನ್ನೂ ಬರೆದಿಟ್ಟಿದ್ದೇನೆ.

ಏಳನೇ ನಂಬರಿನ ಅಂಕಲ್ ಧಾರವಾಡದವರು. ಡಿಯರ್‌ಬಾರ್ನ್‌ನ ಒಂದು ಕಾರು ಕಂಪನಿಯಲ್ಲಿ ಬ್ರೇಕ್ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಅಷ್ಟು ವರ್ಷದ ಅಭ್ಯಾಸ ಬಿಟ್ಟಿರಲಿಲ್ಲ. ನಾನು ಹೇಳಿದ ಅಂಕಿಯನ್ನು ತಾವೂ ಗುರುತು ಹಾಕಿಕೊಂಡು, ಮನೆಗೆ ಹೋಗಿ ಗ್ರಾಫ್ ಮಾಡಿ, ತರಗತಿಯ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದರು. ಕೆಂಪು ದೀಪದ ಅಭ್ಯಾಸದಲ್ಲಿ ಅವರನ್ನು ಮೀರಿಸಿದವರಿಲ್ಲ.

“ತಂಗಿ, ಮನಿಯಿಂದ ಇಲ್ಲೀತನಕ ಒಂಬತ್ತು ಸಿಗ್ನಲ್ ಅವ. ಇವತ್ತ ಆರು ಕೆಂಪು ಸಿಕ್ಕುವು, ಹದಿನೆಂಟು ಉಸಿರು. ಹಿಂದಿನಾವ ಹಾರ್ನ್ ಹೊಡದ. ಅವನ ಪಾಲಿಂದೂ ಒಂದು ಉಸಿರು ತಗೊಂಡೆ, ಪಾಪ.”

ಮೊದಲ ವಾರ ಅವರ ಬಿಪಿ 138/84 ಇತ್ತು, ಎರಡು ಮಾತ್ರೆಗಳ ಮೇಲೆ. ಮೂರನೇ ವಾರ 134/82. ಆರನೇ ವಾರ 126/78. ಗೆರೆ ಚೆಂದವಾಗಿ ಇಳಿಯಿತು, ಗುಂಪಿನಲ್ಲಿ ಹೆಬ್ಬೆರಳುಗಳ ಸಾಲು. ಏಳನೇ ವಾರ 132/82. ಎಂಟನೇ ವಾರ 142/88. ಆ ದಿನ ನನ್ನ ಪುಸ್ತಕದಲ್ಲಿ ‘ಮದುವೆ ಊಟ? ಉಪ್ಪು?’ ಎಂದು ಬರೆದಿದ್ದೇನೆ. ಪ್ರಶ್ನೆಚಿಹ್ನೆ ಹಾಕಿದ್ದೇನೆ, ಅವರನ್ನು ಪ್ರಶ್ನೆ ಕೇಳಿಲ್ಲ. ಒಂಬತ್ತನೇ ವಾರ ಅವರು ಬರಲಿಲ್ಲ, ಷಿಕಾಗೋ ಕಡೆ ಮಗಳ ಮನೆಗೆ ಹೋಗಿದ್ದರು.

ಹತ್ತನೇ ವಾರ, ಮಾರ್ಚ್ ಮಧ್ಯದ ಶನಿವಾರ, ಬೆಳಿಗ್ಗೆ 8:10ಕ್ಕೆ ಅವರ ಬಿಪಿ 186/108.

ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದೆ. 188/110. ಎಡತೋಳಿಗೆ ಕಟ್ಟಿದೆ. 186/110.

“ಈ ಮಷೀನ್ ಕ್ಯಾಲಿಬ್ರೇಶನ್ ಯಾವಾಗ ಆಗ್ಯದ ತಂಗಿ?”

“ಮಷೀನ್ ಸರಿಯಾಗಿದೆ ಅಂಕಲ್. ಬೆಳಿಗ್ಗೆ ಮಾತ್ರೆ ತಗೊಂಡ್ರಾ?”

“ಇಲ್ಲ. ಬಿಟ್ಟು ಹನ್ನೊಂದು ದಿನ ಆತು.”

ಹನ್ನೊಂದು ದಿನ. ದಿನಪತ್ರಿಕೆ ನಿಲ್ಲಿಸಿದೆ ಅನ್ನುವ ಹಾಗೆ ಹೇಳಿದರು. ನನಗೆ ಸಿಟ್ಟು ಬಂತು.

“ಯಾರನ್ನ ಕೇಳಿ ಬಿಟ್ರಿ?”

“ಕೇಳೂದೇನು? ಎರಡು ವೇರಿಯೇಬಲ್ ಕೂಡೇ ಓಡಿಸಿದ್ರ ಯಾವುದರಿಂದ ಏನಾತು ಅಂತ ಹೆಂಗ ಗೊತ್ತಾಗಬೇಕು? ಒಂದನ್ನ ತಗದು ನೋಡಬೇಕು. ಬ್ರೇಕ್ ಟೆಸ್ಟಿನಾಗ ಹಂಗ ಮಾಡ್ತಿದ್ವಿ. ಏಳನೇ ವಾರ ಒಂದು ಮಾತ್ರಿ ಅರ್ಧಾ ಮಾಡಿದೆ, ತಡಕೊಂತು. ಆಮ್ಯಾಲ ಎರಡೂ ತಗದೆ.”

“ಸಹಿ ಮಾಡಿದ್ರಲ್ಲ ಅಂಕಲ್, ಮೂರನೇ ಸಾಲಿಗೆ?”

“ಅದು ಜನವರಿಯೊಳಗ. ಆವಾಗ ಡೇಟಾ ಇರಲಿಲ್ಲ.”

ತಲೆನೋವು ಇದೆಯಾ ಎಂದು ಕೇಳಿದೆ. ಹಿಂದುಗಡೆ ಸ್ವಲ್ಪ, ನಸುಕಿನಿಂದ. ಕಣ್ಣು? ಒಂದು ಬಾಜೂ ಮಬ್ಬು. ಆಸ್ಪತ್ರೆಗೆ ಹೋಗಬೇಕು, ಈಗಲೇ, ಎಂದೆ. ಅವರು ಕೈ ಅಡ್ಡ ಮಾಡಿದರು.

“ಹತ್ತು ನಿಮಿಷ ನಾಡಿಶೋಧನ ಮಾಡ್ತೀನಿ. ಇನ್ನೊಂದು ರೀಡಿಂಗ್ ತಗೊಳ್ಳೋಣು. ಆಮ್ಯಾಲ ನೀ ಹೇಳಿದಲ್ಲೆ ಬರ್ತೀನಿ.”

ಹಾಗೆಂದು ಮೂಗಿನ ಹೊಳ್ಳೆ ಮುಚ್ಚಲು ಬಲಗೈ ಎತ್ತಿದರು. ಹೆಬ್ಬೆರಳು ಮೂಗಿಗೆ ಸಿಗಲಿಲ್ಲ, ಕೆನ್ನೆಗೆ ತಾಗಿತು. ಮತ್ತೆ ಎತ್ತಿದರು, ಬೆರಳು ತುಟಿಯ ಪಕ್ಕಕ್ಕೆ ಹೋಯಿತು. ಅವರು ತಮ್ಮ ಕೈಯನ್ನೇ ನೋಡಿದರು, ಬೇರೆಯವರ ಕೈ ನೋಡುವ ಹಾಗೆ.

ಎರಡೂ ತೋಳು ಮುಂದಕ್ಕೆ ಚಾಚಿ ಎಂದೆ. ಬಲಗೈ ನಿಧಾನವಾಗಿ ಇಳಿಯಿತು.

ಫೋನ್ ತೆಗೆದೆ. ಅಧ್ಯಕ್ಷರು ಅಷ್ಟರಲ್ಲಿ ಪಕ್ಕಕ್ಕೆ ಬಂದಿದ್ದರು. “ಏಯ್, ಆಂಬುಲೆನ್ಸ್ ಎಲ್ಲ ಬೇಡಮ್ಮ, ಜನ ಗಾಬರಿ ಆಗ್ತಾರೆ. ನಾನೇ ಡ್ರೈವ್ ಮಾಡ್ಕೊಂಡು ಹೋಗ್ತೀನಿ, ಹತ್ತೇ ಮಿನಿಟು.”

“ಸರ್, ಪಕ್ಕಕ್ಕೆ ಹೋಗಿ” ಎಂದೆ. ನನ್ನ ತಂದೆಯ ವಯಸ್ಸಿನವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ತುರ್ತು ಸೇವೆಯ 911ಕ್ಕೆ ಕರೆ ಮಾಡಿದ್ದು 8:19ಕ್ಕೆ. ಆಂಬುಲೆನ್ಸಿನವರು ಬಂದದ್ದು 8:26ಕ್ಕೆ. ಅಂಕಲ್ ಸರಿಯಾಗಿದ್ದುದನ್ನು ಕೊನೆಯ ಬಾರಿ ನೋಡಿದ್ದು ಯಾವಾಗ ಎಂದು ಕೇಳಿದರು. ಹಾಜರಿ ಹಾಳೆಗೆ ಸಹಿ ಹಾಕುವಾಗ ಪೆನ್ ಸರಿಯಾಗಿ ಹಿಡಿದಿದ್ದರು, 8:04ಕ್ಕೆ ಎಂದೆ. ಆ ಒಂದು ನಮೂದು ಮಾತ್ರ ಆ ದಿನ ಉಪಯೋಗಕ್ಕೆ ಬಂತು.

ಚಿಕ್ಕ ಪಾರ್ಶ್ವವಾಯು. ಆರು ದಿನ ಆಸ್ಪತ್ರೆಯಲ್ಲಿದ್ದರು. ಮಾತು ಉಳಿಯಿತು, ಬಲಗೈಯ ಹಿಡಿತ ಸಡಿಲವಾಯಿತು. ಮಾತ್ರೆ ಬಿಟ್ಟದ್ದೇ ಕಾರಣ ಎಂದು ಬರೆದುಕೊಡಲಾಗದು, ಆದರೆ ಅವುಗಳಲ್ಲಿ ಒಂದು ಇದ್ದಕ್ಕಿದ್ದಂತೆ ನಿಲ್ಲಿಸಲೇಬಾರದ ಮಾತ್ರೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ಎರಡನೇ ದಿನ ನೋಡಲು ಹೋದಾಗ ಅವರ ಹೆಂಡತಿ, ಆಂಟಿ, ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿಕೊಂಡರು.

“ನನಗೂ ಹೇಳಿಲ್ಲ ನೋಡವಾ. ಡಬ್ಬಿಯೊಳಗಿನ ಮಾತ್ರಿ ದಿನಾ ಖಾಲಿ ಆಗ್ತಿದ್ವು, ನುಂಗ್ಯಾರ ಅಂತ ತಿಳಕೊಂಡೆ. ನಿನ್ನೆ ಅವರ ಮೇಜಿನ ಡ್ರಾವರ್ ತಗದ್ರ, ಎಲ್ಲಾ ಒಂದು ಚೀಲದೊಳಗ ಹಾಕಿ ತಾರೀಖು ಬರದು ಇಟ್ಟಾರ. ಲ್ಯಾಬಿನಾಗ ಸ್ಯಾಂಪಲ್ ಚೆಲ್ಲಂಗಿಲ್ಲಂತ.” ಆಮೇಲೆ ಕೇಳಿದರು, “ಗ್ವಾಡಿ ಮ್ಯಾಲಿನ ಚಾರ್ಟ್ ನಿಂದು ಅಲ್ಲೇನು?”

“ಹೌದು ಆಂಟಿ.”

ಅವರು ತಿರುಗಿ ಅಂಕಲ್ ಇದ್ದ ಕೋಣೆಗೆ ಹೋದರು.

ಅಂದು ಸಂಜೆ ಹಾಲಿಗೆ ಹೋಗಿ ಆ ಹಾಳೆ ಕಿತ್ತೆ. ಜೊತೆಗೆ ಗೋಡೆಯ ಬಣ್ಣವೂ ಕಿತ್ತು ಬಂತು. ಉಸಿರು ಒಳಗೆ ಬರುವುದನ್ನೂ ಹೋಗುವುದನ್ನೂ ಗಮನಿಸಿ ಎಂದು ಹತ್ತು ವಾರ ಹತ್ತೊಂಬತ್ತು ಜನರಿಗೆ ಹೇಳಿದವಳು ನಾನು. ‘ಮಾತ್ರೆ ತಗೊಂಡ್ರಾ’ ಎಂಬ ಮೂರು ಸೆಕೆಂಡಿನ ಪ್ರಶ್ನೆಗೆ ನನ್ನ ಪುಸ್ತಕದಲ್ಲಿ ಒಂದು ಕಾಲಂ ಇರಲಿಲ್ಲ. ಮೊದಲ ದಿನ ಔಷಧಿಗಳ ಪಟ್ಟಿ ಬರೆದುಕೊಂಡಿದ್ದೆ, ಆಮೇಲೆ ಆ ಪುಟ ತಿರುಗಿಸಿರಲಿಲ್ಲ.

ಭಾನುವಾರ, ಸೋಮವಾರ ಉಳಿದ ಹದಿನೆಂಟು ಜನರಿಗೆ ಫೋನ್ ಮಾಡಿದೆ. ಪ್ರಶ್ನೆ ಒಂದೇ. ಹದಿಮೂರು ಜನ ತಗೊಳ್ತಿದೀವಿ ಎಂದರು. ಒಬ್ಬರಿಗೆ ಮಾತ್ರೆಯೇ ಇರಲಿಲ್ಲ. ನಾಲ್ಕು ಜನ ಬದಲಿಸಿದ್ದರು. ಇಬ್ಬರು ಬಿಪಿಯದನ್ನು ಅರ್ಧ ಮಾಡಿದ್ದರು, ಒಬ್ಬರು ಥೈರಾಯ್ಡಿನದನ್ನು ದಿನ ಬಿಟ್ಟು ದಿನ ತಗೊಳ್ಳುತ್ತಿದ್ದರು, ಹದಿನಾಲ್ಕನೇ ನಂಬರಿನ ಆಂಟಿ ಶುಗರ್ ಮಾತ್ರೆಯನ್ನೇ ಬಿಟ್ಟಿದ್ದರು. ಯಾಕೆ ಎಂದು ಕೇಳಿದರೆ ನಾಲ್ವರದೂ ಒಂದೇ ಉತ್ತರ: ಅಂಕಲ್ ಗ್ರಾಫ್ ನೋಡಿ.

ಮೂವರು ಹೆದರಿದರು, ಡಾಕ್ಟರಿಗೆ ಫೋನ್ ಮಾಡುವುದಾಗಿ ಒಪ್ಪಿದರು. ಹದಿನಾಲ್ಕನೆಯವರು ಒಪ್ಪಲಿಲ್ಲ. ಬೆಂಗಳೂರಿನವರು, ಮಗನ ಜೊತೆ ಇರುವವರು, ಗಟ್ಟಿ ಬಾಯಿ.

“ಏನಮ್ಮಾ, ಯೋಗ ಹೇಳ್ಕೊಡೋಳು ನೀನು. ನೀನೇ ಮಾತ್ರೆ ನುಂಗು ಅಂತೀಯಲ್ಲ. ನಿನಗೇ ನಿನ್ನ ವಿದ್ಯೆ ಮೇಲೆ ನಂಬಿಕೆ ಇಲ್ವಾ?”

“ಆಂಟಿ, ನಿಮ್ಮ ಶುಗರ್ ಎಷ್ಟಿದೆ ಈಗ?”

“ಅದನ್ನ ಗೋಡೆ ಮೇಲೆ ಬರಿಯೋಕೆ ಕೇಳ್ತಿದೀಯಾ?” ಎಂದು ಫೋನಿಟ್ಟರು.

ಎದೆಗೆ ಚುಚ್ಚಿತು. ಅವರು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಬುಧವಾರ ಅಧ್ಯಕ್ಷರು ಒಂದು ಕಾಫಿ ಅಂಗಡಿಗೆ ಕರೆದರು. ನಾಲ್ವರ ವಿಷಯ ಹೇಳಿದೆ, ಹೆಸರು ಹೇಳಲಿಲ್ಲ. ಎಲ್ಲರೂ ಅವರವರ ಡಾಕ್ಟರ ಹತ್ತಿರ ಮಾತಾಡುವವರೆಗೆ ತರಗತಿ ನಡೆಸುವುದಿಲ್ಲ ಎಂದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಏಪ್ರಿಲ್ ಮೊದಲ ಶನಿವಾರ ಷಿಕಾಗೋ ಪಕ್ಕದ ಇಟಾಸ್ಕಾದ ಒಂದು ಹೋಟೆಲಿನಲ್ಲಿ ನಮ್ಮ ಕಡೆಯ ಮತ್ತು ಷಿಕಾಗೋ ಕಡೆಯ ಕನ್ನಡಿಗರ ಆರೋಗ್ಯ ಸಭೆ. ನನ್ನ ಹೆಸರಿಗೆ ಹದಿನೈದು ನಿಮಿಷ. ಹಿನ್ನೆಲೆಯಲ್ಲಿ ಏಳನೇ ನಂಬರಿನ ಗ್ರಾಫ್, ಆರನೇ ವಾರದವರೆಗೆ ಮಾತ್ರ. ಮೇಲೆ ದಪ್ಪ ಅಕ್ಷರದಲ್ಲಿ: ‘ಮಾತ್ರೆಯಿಂದ ಮುಕ್ತಿಯತ್ತ’.

“ಇದನ್ನ ಯಾವಾಗ ಮಾಡಿದ್ರಿ ಸರ್?”

“ಎರಡು ವಾರ ಆಯ್ತು. ಅಂಕಲ್ ನನಗೆ ಹೇಳಿದ್ರು, ಮಾತ್ರೆ ಕಮ್ಮಿ ಮಾಡ್ತಿದೀನಿ, ನೋಡೋಣ ಅಂತ. ಒಳ್ಳೇದಲ್ವಾ ಅಂದೆ.”

“ನನಗೆ ಹೇಳ್ಲಿಲ್ಲ.”

“ನೀನು ಟೆನ್ಷನ್ ತಗೋತೀಯ ಅಂತ. ನೀನಿನ್ನೂ ಯಂಗು. ನೋಡಮ್ಮ, ಆಗಿದ್ದು ಆಗೋಯ್ತು. ಷಿಕಾಗೋದಲ್ಲೂ ಇಂಥದ್ದು ಶುರು ಮಾಡೋಣ ಅಂತಿದಾರೆ. ಆರನೇ ವಾರದ ತನಕ ತೋರ್ಸು. ಅದೇನು ಸುಳ್ಳಲ್ವಲ್ಲ. ಆಮೇಲೆ ಬೇಕಾದ್ರೆ ಸ್ವಲ್ಪ ಮೈಂಡ್‌ಫುಲ್‌ನೆಸ್ ಹೇಳು, ಜನ ಖುಷಿಯಾಗ್ತಾರೆ.”

ಸುಳ್ಳಲ್ಲ ನಿಜ. ಆರು ಚುಕ್ಕಿಗಳೂ ನಾನೇ ಅಳೆದವು. ಕಾಫಿ ಮುಟ್ಟದೆ ಎದ್ದು ಬಂದೆ. ಕಾರಿನಲ್ಲಿ ಕೂತು ಎರಡು ದಾರಿ ಯೋಚಿಸಿದೆ. ಹೋಗದೆ ಇದ್ದರೆ ಆ ಅರ್ಧ ಗ್ರಾಫನ್ನು ಅವರೇ ತೋರಿಸುತ್ತಾರೆ. ಹೋದರೆ ಪೂರ್ತಿ ತೋರಿಸಬೇಕು, ಆದರೆ ಆ ಅಂಕಿಗಳು ನನ್ನವಲ್ಲ, ಅಂಕಲ್ ಅವರವು. ಅವರ ಬಿಪಿಯನ್ನು ಇನ್ನೊಂದು ಗೋಡೆಯ ಮೇಲೆ ಹಾಕಲು ನಾನು ಯಾರು?

ಮಾರ್ಚ್ ಕೊನೆಯ ಭಾನುವಾರ ಅವರ ಮನೆಗೆ ಹೋದೆ. ಅವರು ಅಡುಗೆಮನೆಯ ಮೇಜಿನಲ್ಲಿ ಬಲಗೈಯಿಂದ ಒಣ ಬಟಾಣಿಯನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುತ್ತಿದ್ದರು. ಫಿಸಿಯೋದವರು ಹೇಳಿದ ಕೆಲಸ. ಅಧ್ಯಕ್ಷರ ಚಿತ್ರ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಉಳಿದ ಪಾಯಿಂಟ್ ಎಲ್ಲಿ ಹೋದುವು?”

“ತೆಗೆದಿದಾರೆ.”

ಅವರ ಮುಖ ಕೆಂಪಾಯಿತು. ಬಿಪಿ ನೋಡಬೇಕೆನ್ನಿಸಿತು, ನೋಡಲಿಲ್ಲ.

“ಫೇಲ್ ಆದ ಬ್ರೇಕಿನ ರಿಪೋರ್ಟಿನಾಗ ಪಾಸ್ ಆದ ರನ್ ಅಷ್ಟ ಇಟ್ಟು ಕಳಿಸಿದ್ರ ಏನಂತಾರ ಗೊತ್ತದ ಏನು? ನನ್ನ ಕೆಳಗ ಒಬ್ಬಾವ ಹಂಗ ಮಾಡಿದ್ದ. ಅವತ್ತ ಮನಿಗೆ ಕಳಿಸಿದೆ.” ಬಟಾಣಿ ಒಂದು ಕೆಳಗೆ ಬಿತ್ತು. “ಪೂರಾ ತೋರಿಸು. ಮಾತ್ರಿ ಯಾವಾಗ ಅರ್ಧಾ, ಯಾವಾಗ ಬಂದ್, ಎಲ್ಲಾ ಗುರುತು ಹಾಕು.”

“ಹೆಸರು ಹಾಕಲ್ಲ ಅಂಕಲ್.”

ಆಂಟಿ ಒಲೆಯ ಹತ್ತಿರದಿಂದ ತಿರುಗಿದರು. “ಹಾಕಬ್ಯಾಡ. ಆದ್ರ ಶಾಣ್ಯಾ ಮನಷ್ಯಾ ಅಂತ ಹೇಳು. ದಡ್ಡರು ಮಾಡಿದ್ದಲ್ಲ ಇದು.”

ಇಟಾಸ್ಕಾಕ್ಕೆ ಮುನ್ನೂರು ಮೈಲಿ. ಶುಕ್ರವಾರವೇ ಹೊರಟೆ. ಶನಿವಾರ ಮಧ್ಯಾಹ್ನ ಎರಡಕ್ಕೆ ನನ್ನ ಸರದಿ. ಅಧ್ಯಕ್ಷರು “ನಮ್ಮ ಹುಡುಗಿ” ಎಂದು ಪರಿಚಯಿಸಿದರು. ಅವರ ಚಿತ್ರವಿದ್ದ ಲ್ಯಾಪ್‌ಟಾಪಿಗೆ ನನ್ನ ಪೆನ್‌ಡ್ರೈವ್ ಹಾಕಿದೆ. ಆರನೇ ವಾರದವರೆಗೆ ಚಪ್ಪಾಳೆ ಬಂತು. ಏಳು, ಎಂಟು ತೋರಿಸಿದೆ. ಒಂಬತ್ತರ ಜಾಗ ಖಾಲಿ. ಹತ್ತನೆಯದನ್ನು ಹಾಕಿದಾಗ ಗೆರೆ ತೆರೆಯ ಮೇಲಂಚಿಗೆ ಹೋಯಿತು. ಕೆಳಗೆ ಮಾತ್ರೆಯ ಸಾಲು: ಎರಡು, ಒಂದೂವರೆ, ಸೊನ್ನೆ.

ಬಲಗೈ ಮೂಗಿಗೆ ಸಿಗದೆ ಕೆನ್ನೆಗೆ ತಾಗಿದ್ದನ್ನು ಹೇಳಿದೆ. ಗೋಡೆಗೆ ಚಾರ್ಟ್ ಅಂಟಿಸಿದ್ದು ನಾನು ಎಂದೂ, ನಾನು ಕೇಳಬೇಕಿದ್ದ ಪ್ರಶ್ನೆ ಕೇಳಲಿಲ್ಲ ಎಂದೂ ಹೇಳಿದೆ. ಅವರು ಶಾಣ್ಯಾ ಮನುಷ್ಯ ಎಂದೆ. ಮೊದಲ ಸಾಲಿನಲ್ಲಿ ಅಧ್ಯಕ್ಷರು ಕೈಗಡಿಯಾರ ತೋರಿಸುತ್ತಿದ್ದರು. ಇನ್ನೂ ನಾಲ್ಕು ನಿಮಿಷ ಇದೆ ಸರ್, ಎಂದು ಮೈಕಿನಲ್ಲೇ ಹೇಳಿದೆ.

ಹಿಂದಿನಿಂದ ಒಬ್ಬರು ಕೇಳಿದರು, “ಹಾಗಾದ್ರೆ ಪ್ರಾಣಾಯಾಮ ಕೆಲಸ ಮಾಡಲ್ಲ ಅಂತೀರಾ?”

“ಮಾಡತ್ತೆ. ಮೊದಲ ಆರು ಚುಕ್ಕಿಯಲ್ಲಿ ಅದರ ಪಾಲೂ ಇರಬಹುದು. ಮಾತ್ರೆ ಕಮ್ಮಿ ಮಾಡಬೇಕಾ ಅನ್ನೋದನ್ನ ನಿಮ್ಮ ಡಾಕ್ಟರು ಹೇಳ್ಬೇಕು. ಅಂಕಲ್ ಗ್ರಾಫ್ ಹೇಳ್ಬಾರದು, ನಾನೂ ಹೇಳ್ಬಾರದು.”

ಚಪ್ಪಾಳೆ ಬರಲಿಲ್ಲ. ಊಟದ ಮೇಜುಗಳ ಹತ್ತಿರ ಏಳು ಜನ ಒಬ್ಬೊಬ್ಬರಾಗಿ ಬಂದು, ಪಕ್ಕದವರಿಗೆ ಕೇಳದ ಹಾಗೆ, ತಾವೂ ಏನೋ ಬಿಟ್ಟಿದ್ದೇವೆ ಎಂದರು. ಡಾಕ್ಟರಿಗೆ ಮೆಸೇಜ್ ಕಳಿಸಿ, ನನ್ನೆದುರಿಗೇ, ಎಂದೆ. ಆರು ಜನ ಕಳಿಸಿದರು. ಅಧ್ಯಕ್ಷರು ಪಾರ್ಕಿಂಗಿನಲ್ಲಿ ನಿಂತು, “ಮನೆ ಮಾತನ್ನ ಬೀದಿಗೆ ತಂದೆ. ಇನ್ನು ನಿನ್ನ ಕ್ಲಾಸಿಗೆ ಹಾಲ್ ಸಿಗಲ್ಲ” ಎಂದರು. ಸಿಗಲಿಲ್ಲ. ಹನ್ನೊಂದು, ಹನ್ನೆರಡನೇ ವಾರಗಳು ಇವತ್ತಿಗೂ ಬಾಕಿ. ಅವರ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಸುವ ಉಸಿರಾಟ ಯಾವುದನ್ನೂ ಅದರ ಮೇಲೆ ಪ್ರಯೋಗಿಸಿಯೂ ಇಲ್ಲ. ನನ್ನ ಮೇಲಿನದೂ ಹಾಗೆಯೇ ಇದೆ.

ಟ್ರಾಯ್‌ನ ನಾಲ್ವರಲ್ಲಿ ಮೂವರು ಡಾಕ್ಟರನ್ನು ಕಂಡರು. ಒಬ್ಬರಿಗೆ ಅರ್ಧ ಮಾತ್ರೆಯೇ ಸಾಕು ಎಂದು ಡಾಕ್ಟರೇ ಹೇಳಿದರಂತೆ, ಒಳ್ಳೆಯದೇ ಆಯಿತು. ಹದಿನಾಲ್ಕನೆಯ ಆಂಟಿಗೆ ಮಾತ್ರ ಪ್ರತಿ ಶನಿವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದೆ. ಮೊದಲ ಶನಿವಾರ ಎತ್ತಲಿಲ್ಲ. ಎರಡನೆಯದು ಎತ್ತಿ ಇಟ್ಟರು. ಮೂರನೆಯದು, “ನಿನಗೆ ಬೇರೆ ಕೆಲಸ ಇಲ್ವಾ?” ನಾಲ್ಕು, ಐದು ಎತ್ತಲಿಲ್ಲ. ಆರನೆಯದು ಮಗ ಎತ್ತಿ, ಅಮ್ಮ ಸ್ನಾನಕ್ಕೆ ಹೋಗಿದಾರೆ ಎಂದ. ಹಿಂದೆಯೇ “ಇಲ್ಲ ಅನ್ನು” ಎಂಬ ಅವರ ಧ್ವನಿ ಕೇಳಿಸಿತು. ಮಗನಿಗೆ ಹೇಳಿಬಿಡಬಹುದಿತ್ತು. ಅವರ ಆರೋಗ್ಯ ಅವರದು ಎಂದು ಹೇಳಲಿಲ್ಲ, ಆ ದಿನವಿಡೀ ಹೇಳಬೇಕಿತ್ತೇನೋ ಎಂದು ಒದ್ದಾಡಿದೆ.

ಏಳನೆಯದು ಮೇ ಕೊನೆಯ ಶನಿವಾರ. ಮೂರು ಸಲ ರಿಂಗಾದ ಮೇಲೆ ಎತ್ತಿದರು.

“ಮಂಗಳವಾರದಿಂದ ತಗೊಳ್ತಿದೀನಿ. ಡಾಕ್ಟರ್ ಬೈದ್ರು. ಸಾಕಾ? ಇನ್ನು ಫೋನ್ ಮಾಡ್ಬೇಡ.”

ಆಯ್ತು ಆಂಟಿ ಎಂದೆ. ಮುಂದಿನ ಶನಿವಾರವೂ ಮಾಡಿದೆ.